ಫಾನೆಸಿ ಬ್ಯಾಂಕನ್ನು ಫೇಲು ಮಾಡಿದ್ದು

ಚಿಗೋಂಬೆಯ ದಂಡೆಯಲ್ಲಿ ಜಗಳಗಳಿಗೆ ಒಂದು ನಿಯಮವಿತ್ತು. ಬುಟ್ಟಿಯ ಅಳತೆ ಸರಿಯೋ ತಪ್ಪೋ, ಯಾರ ಅಟ್ಟಣೆ ಯಾರ ಬಿಸಿಲಿಗೆ ಅಡ್ಡ ಬಂತು, ಯಾರ ಗಂಡ ಹೆಚ್ಚು ಕುಡಿಯುತ್ತಾನೆ, ವಿಷಯ ಯಾವುದೇ ಇರಲಿ, ಎರಡೂ ಕಡೆಯವರ ಗಂಟಲು ಕಟ್ಟಿದ ಮೇಲೆ ಯಾರಾದರೊಬ್ಬಳು "ಫಾನೆಸಿ ಅಕ್ಕನ್ನ ಕೇಳೋಣ ಬಿಡಿ, ಅವಳು ಪಾಸಾದೋಳು" ಅನ್ನುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಫಾನೆಸಿ ಮಕ್ವಿಂಜಾಗೆ ಈಗ ಐವತ್ಮೂರು. ದಂಡೆಯಲ್ಲಿ ಉಸಿಪ ಒಣಗಿಸುವ ಮೂವತ್ತೊಂದು ಹೆಂಗಸರ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಅವಳೇ ಅಧ್ಯಕ್ಷೆ. ಉಸಿಪ ಅಂದರೆ ನಮ್ಮ ಸರೋವರದ ಬೆರಳುದ್ದದ ಬೆಳ್ಳಿ ಮೀನು. ಬೆಳಿಗ್ಗೆ ದೋಣಿಯಿಂದ ಇಳಿದದ್ದನ್ನು ಸೊಂಟದೆತ್ತರದ ಜೊಂಡಿನ ಅಟ್ಟಣೆಯ ಮೇಲೆ ಹರಡಿ, ಸಂಜೆಯೊಳಗೆ ಗರಿಗರಿ ಒಣಗಿಸಬೇಕು. ಇಲ್ಲದಿದ್ದರೆ ಮರುದಿನ ಅದನ್ನು ಕೋಳಿಯೂ ಮೂಸುವುದಿಲ್ಲ. ನಮ್ಮೂರಿನ ಹೆಂಗಸರಿಗೆ ದೋಣಿ ಇಲ್ಲ, ಬಲೆ ಇಲ್ಲ, ಹೊಲವೂ ಇಲ್ಲ. ಇರುವ ಆಸ್ತಿಯೆಂದರೆ ಬಿಸಿಲು, ಮತ್ತು ಆ ಬಿಸಿಲು ಬೀಳಲು ಇನ್ನೂರು ಹೆಜ್ಜೆ ಮರಳು.

ಅವಳು ಪಾಸಾದೋಳು ಎಂಬ ಕೀರ್ತಿ ಹುಟ್ಟಿದ್ದು ಹೀಗೆ. ಆ ಮೂವತ್ತೊಂದು ಜನರಲ್ಲಿ ಗುಡ್ಡದ ಮೇಲಿನ ಕಾನ್ವೆಂಟಿನಲ್ಲಿ ಕೊನೆಯ ಪರೀಕ್ಷೆಯವರೆಗೆ ಕೂತವಳು ಅವಳೊಬ್ಬಳೇ. ಅಲ್ಲಿಂದ ತಂದ ಕಾಗದವೊಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಅವಳ ಬೈಬಲಿನೊಳಗೆ ಮೂವತ್ತೈದು ವರ್ಷದಿಂದ ಮಲಗಿತ್ತು. ತೋರಿಸು ಅಂತ ಯಾರೂ ಕೇಳಿರಲಿಲ್ಲ. ಬೈಬಲಿನೊಳಗೆ ಇಟ್ಟದ್ದನ್ನು ತೋರಿಸು ಅಂತ ಯಾರು ಕೇಳುತ್ತಾರೆ.

ನಾನು ಸಂಘದವಳಲ್ಲ, ಅವಳ ಹಳೆಯ ಗೆಳತಿ, ಅದೇ ಕಾನ್ವೆಂಟಿನಲ್ಲಿ ಅವಳಿಗಿಂತ ಎರಡು ತರಗತಿ ಕೆಳಗಿದ್ದೆ. ಫಲಿತಾಂಶವನ್ನು ಪ್ರಾರ್ಥನಾ ಮಂದಿರದ ಪಕ್ಕದ ಬಾಗಿಲಿಗೆ ಅಂಟಿಸುತ್ತಿದ್ದರು. ದೇವರ ಮನೆಯ ಬಾಗಿಲಲ್ಲಿ ಅಳುವುದು ಸುಲಭ ಅಂತಿರಬೇಕು. ನಮ್ಮ ದೇಶದ ಪರೀಕ್ಷೆಯ ಅಂಕಗಳು ಹಿಮ್ಮುಖವಾಗಿ ನಡೆಯುತ್ತವೆ. ಒಂದು ಅಂದರೆ ಅತ್ಯುತ್ತಮ, ಅಲ್ಲಿಂದ ಕೆಳಗಿಳಿಯುತ್ತಾ ಒಂಬತ್ತಕ್ಕೆ ಬಂದರೆ ಫೇಲು. ಬೇರೆ ದೇಶದ ಮಕ್ಕಳು ಅಂಕ ಹತ್ತುತ್ತಾರಂತೆ, ನಮ್ಮ ಮಕ್ಕಳು ಇಳಿಯುತ್ತಾರೆ. ಫಾನೆಸಿ ಇಂಗ್ಲಿಷಿನಲ್ಲಿ ಮೂರು, ಜೀವಶಾಸ್ತ್ರದಲ್ಲಿ ಎರಡು, ಲೆಕ್ಕದಲ್ಲಿ ಒಂಬತ್ತು. ಲೆಕ್ಕ ತಪ್ಪಿದವಳಿಗೆ ನರ್ಸಿಂಗ್ ಶಾಲೆಯ ಬಾಗಿಲು ತೆರೆಯಲಿಲ್ಲ. ಸಿಸ್ಟರ್ ಲುಡೊವಿಕಾ ಅವಳ ಆ ಕಾಗದದ ಅಡಿಯಲ್ಲಿ ಎಂದಿನ ಓರೆ ಅಕ್ಷರದಲ್ಲಿ ಬರೆದಿದ್ದರು: ಶ್ರಮಜೀವಿ, ನಡತೆ ಉತ್ತಮ, ಮುಂದಿನ ಸಲ ಪಾಸಾಗಬಹುದು.

ಮುಂದಿನ ಸಲ ಬರಲಿಲ್ಲ. ಅವಳು ತಗಡಿನ ಪೆಟ್ಟಿಗೆ ಹೊತ್ತು ಬಸ್ಸಿಳಿದಾಗ ಅಪ್ಪ ನಾಲ್ಕು ಜನ ಗೆಳೆಯರೊಂದಿಗೆ ಕಾಯುತ್ತಿದ್ದ. "ಏನಾಯ್ತು ಮಗಳದು?" ಅಂತ ಗೆಳೆಯರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ, "ಇನ್ನೇನಾಗುತ್ತೆ, ಪಾಸು" ಅಂದುಬಿಟ್ಟ. ಅಪ್ಪನನ್ನು ನಾಲ್ಕು ಜನರೆದುರು ಸುಳ್ಳನನ್ನಾಗಿ ಮಾಡುವ ಮಗಳು ನಮ್ಮ ಕಡೆ ಇಲ್ಲ. ಮುಂದಿನ ಮಳೆಗಾಲದಲ್ಲಿ ಅಪ್ಪ ಸರೋವರದಲ್ಲಿ ಮುಳುಗಿ ಹೋದ. ಸುಳ್ಳು ಮಾತ್ರ ದಡದಲ್ಲೇ ಉಳಿಯಿತು.

ನಾನೂ ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಬೀಳಲಿಲ್ಲ, ಬ್ಯಾಂಕು ಬರುವವರೆಗೆ.

ಆ ಬ್ಯಾಂಕು ಯಾವುದು ಅಂತ ಹೇಳುವುದು ಕಷ್ಟ. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ದುಡ್ಡು ಕಟ್ಟುವ ಸಾಲೂ ಇಲ್ಲ. ಸಾಲ ಮಾತ್ರ ಇದೆ, ಅದೂ ನಮಗಲ್ಲ, ನಮ್ಮ ಸರ್ಕಾರಕ್ಕೆ. ದೇಶದೇಶಗಳಿಗೆ ಅಭಿವೃದ್ಧಿ ಮಾಡಿಸುವ ಬ್ಯಾಂಕು ಅಂತ ರೇಡಿಯೊದಲ್ಲಿ ಹೇಳುತ್ತಿದ್ದರು. ಸಂಘದ ಹಿರಿಯಳು ಅಬಿಟಿ ಸಯಿದಿಗೆ ಅದೊಂದು ಸಂಸ್ಥೆ ಅಂತ ಒಪ್ಪಿಸಲು ಕಡೆಗೂ ಆಗಲಿಲ್ಲ. ಎಪ್ಪತ್ತು ದಾಟಿದ, ಮೂರೇ ಹಲ್ಲಿದ್ದರೂ ಮೂವತ್ತು ಹಲ್ಲಿನಷ್ಟು ಕಚ್ಚುವ ಆ ಮುದುಕಿಯ ಲೆಕ್ಕದಲ್ಲಿ ಬ್ಯಾಂಕು ಅಂದರೆ ಎಲ್ಲೋ ದೂರದಲ್ಲಿ ಕುರ್ಚಿಯ ಮೇಲೆ ಕೂತ ಒಬ್ಬ ದಪ್ಪ ಮನುಷ್ಯ.

"ಬ್ಯಾಂಕಪ್ಪ ಮನಸಿನಲ್ಲಿ ಒಳ್ಳೆಯವನೇ ಇರ್ಬೇಕು, ಆದ್ರೆ ಅವನ ಹೆಂಡ್ತಿ ಯಾವತ್ತೂ ಮೀನು ಒಣಗಿಸಿಲ್ಲ ಕಣ್ರೇ" ಅಂತ ಅವಳ ತೀರ್ಮಾನ.

ತೀರ್ಮಾನಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಬ್ಯಾಂಕು ನಮಗೊಂದು ಆಧುನಿಕ ಮೀನು ಸಂಸ್ಕರಣಾ ಭವನ ಕಟ್ಟಿಸಿಕೊಟ್ಟಿತು. ಸಿಮೆಂಟಿನ ನೆಲ, ನೀಲಿ ಕಂಬ, ಈ ತುದಿಯಿಂದ ಆ ತುದಿಯವರೆಗೆ ಮಿರಿಮಿರಿ ತಗಡಿನ ಸೂರು, ಸೂರಿನ ಕೆಳಗೆ ಸಾಲಾಗಿ ಅರವತ್ತು ಕಬ್ಬಿಣದ ಅಟ್ಟಣೆ. ಊರು ಇಂಥ ಚೆಂದದ ಕಟ್ಟಡ ಕಂಡಿರಲಿಲ್ಲ. ಒಂದೇ ಒಂದು ತೊಂದರೆ. ಬಿಸಿಲೇ ಬದುಕಾದವರಿಗೆ ಅವರು ನೆರಳು ಕಟ್ಟಿಕೊಟ್ಟಿದ್ದರು. ಮೊದಲ ವಾರ ಮರ್ಯಾದೆಗೆಂದು ಹೆಂಗಸರು ಒಳಗೇ ಮೀನು ಹರಡಿದರು. ಮೂರನೆಯ ದಿನ ಮೀನು ತಾನಾಗಿಯೇ ನಡೆಯತೊಡಗಿತು, ಹುಳುಗಳ ಕಾಲಿನಲ್ಲಿ. ನಾಲ್ಕನೆಯ ದಿನ ಎಲ್ಲರೂ ತಮ್ಮ ಜೊಂಡಿನ ಅಟ್ಟಣೆಗೆ ಮರಳಿದರು. ಭವನದಲ್ಲಿ ಮೇಕೆಗಳು ಮಲಗಿದವು, ಚರ್ಚಿನ ಗಾಯನ ತಂಡ ಪ್ರತಿಧ್ವನಿ ಚೆನ್ನಾಗಿದೆಯೆಂದು ಅಲ್ಲೇ ಅಭ್ಯಾಸ ಮಾಡಿತು, ಎರಡು ಮದುವೆಗಳಾದವು. ಮೀನಮೇಷ ಎಣಿಸುವುದು ಅಂತ ಕೇಳಿದ್ದೆ, ಮೀನಕ್ಕೆಂದು ಕಟ್ಟಿದ್ದು ಪೂರ್ತಿ ಮೇಷಕ್ಕೆ ಹೋದದ್ದನ್ನು ಅಲ್ಲೇ ಕಂಡೆ.

ಇಷ್ಟಾದರೆ ನಕ್ಕು ಸುಮ್ಮನಿರಬಹುದಿತ್ತು. ಏಪ್ರಿಲ್‌ನಲ್ಲಿ ಮಳೆ ಬಿಡುತ್ತಿದ್ದಂತೆ ಕೌನ್ಸಿಲರ್ ಸ್ಟೋನಾರ್ಡ್ ಬಾಲಕಾಸಿ ದಂಡೆಗೆ ಬಂದು ಸುದ್ದಿ ಹೇಳಿದ. ಬಾಲಕಾಸಿ ಕೆಟ್ಟವನಲ್ಲ, ಎಲ್ಲಿ ರಿಬ್ಬನ್ ಕತ್ತರಿಸುತ್ತಾರೋ ಅಲ್ಲಿ ಕತ್ತರಿ ಹಿಡಿಯುವ ಆಸೆ, ಅಷ್ಟೇ.

"ಅಮ್ಮಂದಿರೇ, ಎರಡನೇ ಭವನ ಬರ್ತಾ ಇದೆ. ಇದಕ್ಕಿಂತ ದೊಡ್ಡದು" ಅಂದ.

"ಎಲ್ಲಿಗಣ್ಣಾ ಬರೋದು?" ಫಾನೆಸಿ ಕೇಳಿದಳು.

ಅವನು ಕಾಲಿನಿಂದ ಮರಳನ್ನು ತಟ್ಟಿದ. "ಇಲ್ಲಿಗೇ. ಈ ಹಳೇ ಅಟ್ಟಣೆಯೆಲ್ಲ ತೆಗೆದುಹಾಕಿ."

ಮೂವತ್ತೊಂದು ಜೊತೆ ಕಣ್ಣು ಅವನ ಕಾಲಿನ ಮೇಲೆ ನಿಂತವು.

"ಹಂಗಂದ್ರೆ ಮೀನು ಎಲ್ಲಿ ಒಣಗಿಸ್ಬೇಕಪ್ಪಾ, ನಿನ್ನ ಬೆನ್ನ ಮೇಲಾ?" ಅಂದಳು ಅಬಿಟಿ ಸಯಿದಿ.

"ಇನ್ನೂ ಖಾತ್ರಿಯಾಗಿಲ್ಲ ಅಜ್ಜೀ. ಮೊದಲು ಬ್ಯಾಂಕಿನವರು ಬಂದು ನಿಮ್ಮ ಅಭಿಪ್ರಾಯ ಕೇಳ್ತಾರೆ. ನೀವು ಹಿತಾಸಕ್ತರು. ಮೊದಲನೇ ಭವನ ನಿಮಗೆ ಹಿಡಿಸಿದ್ರೆ ಎರಡನೇದು. ಹಿಡಿಸದಿದ್ರೆ ಇಲ್ಲ."

ಹಿತ ಯಾರದೋ, ಆಸಕ್ತಿ ಯಾರದೋ, ಇಬ್ಬರನ್ನೂ ಗಂಟು ಹಾಕಿದ ಆ ಪದ ಫಾನೆಸಿಗೆ ಹಿಡಿಸಿತು. "ನಮ್ಮನ್ನ ಕೇಳ್ತಾರಂತೆ" ಅಂತ ಅವತ್ತು ನಾಲ್ಕು ಸಲ ಹೇಳಿದಳು. ಎರಡು ವರ್ಷದ ಹಿಂದೆ ಯಾರೂ ಕೇಳಿರಲಿಲ್ಲ ಅನ್ನುವುದು ಆ ಮಾತಿನೊಳಗೇ ಇತ್ತು.

ಕೇಳಲು ಬಂದವನು ರೆಮಿಗಿಯಸ್ ಲಿಕೋಸ್ವೆ. ನಲವತ್ತೈದರ, ಇಸ್ತ್ರಿ ಕೆಡದ ಅಂಗಿಯ, ಮೆಲುಮಾತಿನ ಮನುಷ್ಯ. ಅಪ್ಪ ಗಣಿ ಕೆಲಸಕ್ಕೆ ಹೋಗಿದ್ದರಿಂದ ಹುಟ್ಟಿ ಓದಿದ್ದೆಲ್ಲ ಜೋಹಾನ್ಸ್‌ಬರ್ಗ್‌ನಲ್ಲಿ. ನಮ್ಮ ಭಾಷೆ ಆಡುತ್ತಿದ್ದ, ಆದರೆ ಹೊಸ ಚಪ್ಪಲಿ ಹಾಕಿದವನ ಹಾಗೆ, ಅಲ್ಲಲ್ಲಿ ಕುಂಟುತ್ತಾ. ಅವನ ಫಾರಂನಲ್ಲಿ ಹನ್ನೆರಡು ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಹತ್ತರವರೆಗೆ ಅಂಕ ಕೊಡಬೇಕು. ಫಾರಂನ ತಲೆಯ ಮೇಲೆ ಇರುವೆಸಾಲಿನಂಥ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅದನ್ನು ಬಿಡಿಸಿ ಹೇಳಬೇಕಾದ ಸಂಗತಿ ಅಂತ ಲಿಕೋಸ್ವೆಗೆ ಅನಿಸಲೇ ಇಲ್ಲ. ನೂರಕ್ಕೆ ಇಷ್ಟು ಅಂತ ಅಂಕ ಕೊಡುವ ಶಾಲೆಯಲ್ಲಿ ಓದಿದವನಿಗೆ ಹತ್ತು ದೊಡ್ಡದು, ಒಂದು ಚಿಕ್ಕದು ಅನ್ನುವುದನ್ನೂ ಹೇಳಬೇಕೇ?

ಅವನು ಬರುವ ಹಿಂದಿನ ದಿನ ದಂಡೆಯಲ್ಲಿ ಸಭೆ ಸೇರಿತು. ಅಂಕಗಳ ಸುದ್ದಿ ಬಾಲಕಾಸಿಯಿಂದ ಮೊದಲೇ ತಿಳಿದಿತ್ತು.

"ಬಾಯಲ್ಲಿ ಕೇಳಿದ್ರೆ ಕಷ್ಟ ಆಗ್ತಿತ್ತು. ಮನೆಗೆ ಬಂದವನ ಮುಖಕ್ಕೆ ನೀ ಕೊಟ್ಟದ್ದು ಸರಿಯಿಲ್ಲ ಅನ್ನೋಕಾಗುತ್ತಾ?" ಫಾನೆಸಿ ಹೇಳಿದಳು. "ನಂಬರಾದ್ರೆ ಪರವಾಗಿಲ್ಲ. ನಂಬರಿಗೆ ಮುಖ ಇಲ್ಲ."

"ಒಂಬತ್ತು ಕೊಡೋಣ" ಅಂದಳು ಒಬ್ಬಳು.

"ಒಂಬತ್ತು ಯಾಕೆ, ಅವರೇ ಹತ್ತರವರೆಗೆ ಇಟ್ಟಿದಾರಲ್ಲ" ಅಂದಳು ಅಬಿಟಿ ಸಯಿದಿ. ಅವಳು ಶಾಲೆಯ ಹೊಸ್ತಿಲು ಕಂಡವಳಲ್ಲ, ಆದರೆ ಏಳು ಮೊಮ್ಮಕ್ಕಳ ಅಂಕಕ್ಕೆ ಅತ್ತವಳು. "ನಮ್ಮ ಮಕ್ಕಳಿಗೆ ಒಂಬತ್ತಕ್ಕೇ ನೆಲ ಸಿಗುತ್ತೆ. ಬ್ಯಾಂಕಪ್ಪ ತನಗೇಂತ ನೆಲದ ಕೆಳಗೆ ಇನ್ನೊಂದು ಗುಂಡಿ ತೋಡ್ಕೊಂಡಿದಾನೆ. ತಾನು ಮಾಡಿದ್ದು ತನಗೆ ಗೊತ್ತಿಲ್ವಾ."

ಎಲ್ಲರೂ ನಕ್ಕರು. ಹತ್ತೇ ಎಂದು ತೀರ್ಮಾನವಾಯಿತು. ಫಾನೆಸಿ ಮಾತ್ರ ನಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನನ್ನ ಪಕ್ಕ ನಡೆಯುತ್ತಾ, "ಎಲ್ಲದರಲ್ಲೂ ಹತ್ತು ಅಂದ್ರೆ ಜಾಸ್ತಿ ಆಗಲ್ವೇನೇ? ನಂಗೆ ಒಂದರಲ್ಲೇ ಒಂಬತ್ತು ಬಂದಾಗ ಎರಡು ದಿನ ಊಟ ಸೇರ್ಲಿಲ್ಲ" ಅಂದಳು.

"ಬ್ಯಾಂಕಿಗೆ ಹೊಟ್ಟೆ ಇಲ್ಲ ಕಣೇ" ಅಂದೆ.

"ಓದೋರಿಗೆ ಇರುತ್ತಲ್ಲ" ಅಂದಳು ಅವಳು.

ಮರುದಿನ ಲಿಕೋಸ್ವೆ ಅವಳ ಮನೆಯ ಮಾವಿನ ನೆರಳಲ್ಲಿ ಚಾಪೆ ಹಾಸಿ ಕೂತ. ಒಬ್ಬೊಬ್ಬರೇ ಬಂದರು. "ಬ್ಯಾಂಕು ನಿಮ್ಮ ಅಗತ್ಯಗಳನ್ನು ಎಷ್ಟು ಚೆನ್ನಾಗಿ ಅರಿತಿದೆ?" ಹತ್ತು. "ಬ್ಯಾಂಕಿನ ಕೆಲಸದಿಂದ ನಿಮ್ಮ ಬದುಕು ಎಷ್ಟು ಸುಧಾರಿಸಿದೆ?" ಹತ್ತು. "ಬ್ಯಾಂಕು ನಿಮ್ಮ ಮಾತಿಗೆ ಎಷ್ಟು ಕಿವಿಗೊಡುತ್ತದೆ?" ಅಬಿಟಿ ಸಯಿದಿ ಬೆರಳುಗಳನ್ನೆಲ್ಲ ಬಿಡಿಸಿ ತೋರಿಸಿದಳು, ಸಾಲದೆಂದು ಒಂದು ಕಾಲನ್ನೂ ಚಾಚಿದಳು. ಪ್ರತಿ ಹತ್ತಿಗೂ ಲಿಕೋಸ್ವೆಯ ನಗು ಅಗಲವಾಗುತ್ತಾ ಹೋಯಿತು.

"ಪಾಪ, ಇಷ್ಟು ಬೈದ್ರೂ ನಗ್ತಾ ಬರ್ಕೊಳ್ತಾನೆ ನೋಡು. ಒಳ್ಳೇ ತಾಯಿ ಸಾಕಿದ ಮಗ" ಅಂತ ಹೆಂಗಸರು ಒಳಗೆ ಪಿಸುಗುಟ್ಟಿದರು. ಪಾಪವೆನಿಸಿಯೇ ಅವನ ತಟ್ಟೆಗೆ ಮೆಕ್ಕೆಜೋಳದ ನ್ಸಿಮಾ ಎರಡು ಮುದ್ದೆ ಹೆಚ್ಚು ಬಿತ್ತು, ಟೊಮೆಟೊ ಹಾಕಿ ಬೇಯಿಸಿದ ದೊಡ್ಡ ಚಾಂಬೋ ಮೀನಿನ ತಲೆಯೂ ಬಿತ್ತು. ಇಷ್ಟು ಪ್ರೀತಿಯ ಜನ ಬ್ಯಾಂಕಿಗೆ ಹತ್ತು ಕೊಡದೆ ಇನ್ನೇನು ಕೊಟ್ಟಾರು ಅಂತ ಅವನೂ ಅಂದುಕೊಂಡಿರಬೇಕು. ಆ ಚಾಪೆಯ ಮೇಲೆ ಎಲ್ಲರೂ ಸಭ್ಯರೇ ಇದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಫಾರಂನ ಕೊನೆಯ ಹಾಳೆಯಲ್ಲಿ ಖಾಲಿ ಸಾಲುಗಳಿದ್ದವು, ಇನ್ನೇನಾದರೂ ಹೇಳುವುದಿದ್ದರೆ. ಫಾನೆಸಿ ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡು, ಕಾನ್ವೆಂಟಿನ ಓರೆ ಅಕ್ಷರದಲ್ಲಿ, ಇಂಗ್ಲಿಷಿನಲ್ಲೇ ಬರೆದಳು. ಶ್ರಮಜೀವಿ. ನಡತೆ ಉತ್ತಮ. ಮುಂದಿನ ಸಲ ಪಾಸಾಗಬಹುದು.

"ಬಿಸಿಲಿನ ವಿಷಯ ಬರೀಬೇಕಿತ್ತು ನೀನು" ಅಂದಳು ಅಬಿಟಿ ಸಯಿದಿ ಅವನು ಹೋದ ಮೇಲೆ.

"ಫೇಲಾದವರಿಗೆ ಯಾಕೆ ಫೇಲಾದೆ ಅಂತ ಬೇರೆಯವರು ಹೇಳ್ಬೇಕಾಗಿಲ್ಲ ಅಜ್ಜೀ. ಅವರಿಗೇ ಗೊತ್ತಿರುತ್ತೆ" ಅಂದಳು ಫಾನೆಸಿ.

ಅವಳ ಮಟ್ಟಿಗೆ ಆ ಮಾತು ನಿಜ. ಬ್ಯಾಂಕಿಗೆ ಮಾತ್ರ ತಾನು ಫೇಲಾದದ್ದೇ ತಿಳಿದಿರಲಿಲ್ಲ.

ಮೇ, ಜೂನ್ ಕಳೆದವು. ಜುಲೈನಲ್ಲಿ ವಿಚಿತ್ರವೊಂದು ನಡೆಯಿತು. ಬಾಲಕಾಸಿಗೆ ರಾಜಧಾನಿಯಿಂದ ಕರೆ ಬಂತು, ನಾಲ್ಕು ದಿನದ ಕಾರ್ಯಾಗಾರ, ಸರೋವರದ ಆಚೆ ತುದಿಯ ದೊಡ್ಡ ಹೋಟೆಲಿನಲ್ಲಿ. ಅಲ್ಲಿ ಮೂವರು ಅಧಿಕಾರಿಗಳು ಅವನನ್ನು ಎದುರು ಕೂರಿಸಿಕೊಂಡು, ಮನಸ್ಸಿನಲ್ಲಿರುವ ಕಹಿಯನ್ನೆಲ್ಲ ಹೇಳಿಕೊಳ್ಳಿ ಅಂತ ಮೃದುವಾಗಿ ಬೇಡಿಕೊಂಡರಂತೆ. ಬ್ಯಾಂಕನ್ನು ಮೆಚ್ಚಿ ಹನ್ನೆರಡಕ್ಕೆ ಹನ್ನೆರಡೂ ಒಂದು ಕೊಟ್ಟಿದ್ದ ಬಾಲಕಾಸಿ, ಮೊದಲ ಅರ್ಧ ದಿನ ಕಣ್ಣು ಬಿಟ್ಟು ಕೂತ. ಮಧ್ಯಾಹ್ನದ ಊಟ ನೋಡಿದ ಮೇಲೆ ಕಹಿ ತಾನಾಗಿ ಹುಟ್ಟಿತು. ವಾಪಸು ಬಂದಾಗ ಅವನು ಜಿಲ್ಲಾ ದೂರು ಸಮಿತಿಯ ಅಧ್ಯಕ್ಷನಾಗಿದ್ದ, ಹೊಸ ಕೆಂಪು ಮೋಟಾರ್ ಸೈಕಲ್ ಏರಿದ್ದ.

"ಯಾಕಣ್ಣಾ ಗಾಡಿ ಕೊಟ್ರು?" ಅಂದರೆ, "ನನಗೆ ಬ್ಯಾಂಕಿನ ಮೇಲೆ ತುಂಬಾ ಸಿಟ್ಟಂತೆ" ಅಂತ ಹೇಳಿ ಹಾರ್ನ್ ಹೊಡೆದು ಹೋಗುತ್ತಿದ್ದ.

ಆಗಸ್ಟ್ ಮೊದಲ ವಾರ ಇಬ್ಬರು ಅಳತೆಯವರು ಬಂದು, ನಮ್ಮ ಮರಳಿನುದ್ದಕ್ಕೂ ಕೆಂಪು ತಲೆಯ ಗೂಟಗಳನ್ನು ಹೊಡೆದರು. ಒಂದು ಗೂಟ ಸರಿಯಾಗಿ ಫಾನೆಸಿಯ ಅಟ್ಟಣೆಯ ನಡುವೆ ಮೀನುಗಳ ಮಧ್ಯೆ ತಲೆಯೆತ್ತಿತು. ಮಾತು ಹೀಗಿರಲಿಲ್ಲವಲ್ಲ ಅಂತ ಅವಳು ಅಳತೆಯವರನ್ನು ಕೇಳಿದಳು. "ನಮಗೇನು ಗೊತ್ತಮ್ಮ, ಶನಿವಾರ ದೊಡ್ಡ ಮೇಡಂ ಬರ್ತಾರೆ, ಅವರನ್ನೇ ಕೇಳಿ" ಅಂದರು.

ಶನಿವಾರ ಭವನದಿಂದ ಮೇಕೆಗಳನ್ನು ಹೊರಗಟ್ಟಿ ನೆಲ ತೊಳೆದು ಕುರ್ಚಿ ಹಾಕಿದರು. ವಾಸನೆ ಪೂರ್ತಿ ಹೋಗಲಿಲ್ಲ. ಬಂದವರು ಸೋಖ್ನಾ ಡಿಯೂಫ್ ಎಂಬ ಸೆನೆಗಲ್‌ನ ಹೆಂಗಸು, ಬ್ಯಾಂಕಿನ ನಮ್ಮ ದೇಶದ ಮುಖ್ಯಸ್ಥೆ. ಎತ್ತರದ ನಿಲುವು, ಹಳದಿ ತಲೆವಸ್ತ್ರ, ಕೂರುವ ಮೊದಲು ಅಬಿಟಿ ಸಯಿದಿಯ ಎದುರು ಮೊಣಕಾಲು ಬಗ್ಗಿಸಿ ಕೈ ಹಿಡಿದು ಮಾತಾಡಿಸಿದರು. "ಬ್ಯಾಂಕಪ್ಪನ ಹೆಂಡ್ತಿ ಪರವಾಗಿಲ್ಲ" ಅಂತ ಮುದುಕಿ ನನ್ನ ಕಿವಿಯಲ್ಲಿ ಹೇಳಿದಳು. ಲಿಕೋಸ್ವೆ ಪಕ್ಕದಲ್ಲಿ ನಿಂತು ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತರುತ್ತಿದ್ದ.

ಮೇಡಂ ಗಾಜಿನ ಚೌಕಟ್ಟೊಂದನ್ನು ಎತ್ತಿ ಹಿಡಿದರು. ದೇಶದ ಎಪ್ಪತ್ತು ಊರುಗಳಲ್ಲಿ ಬ್ಯಾಂಕನ್ನು ಅತ್ಯಂತ ಪ್ರೀತಿಸಿದ ಊರು ಚಿಗೋಂಬೆ, ಸರಾಸರಿ ಅಂಕ ಹತ್ತಕ್ಕೆ ಒಂಬತ್ತು ಮುಕ್ಕಾಲು. ಬೇರೆ ಕಡೆ ಒಂದು, ಎರಡು, ಏನೇನೋ ಬಂದು ತಲೆಕೆಟ್ಟಿದ್ದ ಕಚೇರಿಗೆ ಈ ಊರೊಂದೇ ಸಮಾಧಾನ ತಂದಿದೆ. ಆ ಪ್ರೀತಿಗೆ ಉತ್ತರವಾಗಿ ಎರಡನೆಯ ಭವನದ ಕೆಲಸ ಮುಂದಿನ ತಿಂಗಳೇ ಶುರು.

ಚಪ್ಪಾಳೆ ತಟ್ಟಿದವನು ಬಾಲಕಾಸಿ ಒಬ್ಬನೇ. ಹೆಂಗಸರು ಫಾನೆಸಿಯ ಕಡೆ ತಿರುಗಿದರು. ಅವಳು ಗಾಜಿನೊಳಗಿನ ಸಂಖ್ಯೆಯನ್ನೇ ನೋಡುತ್ತಿದ್ದಳು. ಫೇಲಾದದ್ದಕ್ಕೆ ಚೌಕಟ್ಟು ಹಾಕಿ ತಂದಿದ್ದಾರೆ. ನಗುವೂ ಅಲ್ಲದ ಅಳುವೂ ಅಲ್ಲದ ಏನೋ ಅವಳ ಮುಖದಲ್ಲಿ ಹಾದುಹೋಯಿತು, ಆಮೇಲೆ ಅರ್ಥವಾಯಿತು. ನನಗೂ ಆಗಲೇ ಆಯಿತು.

ಸಭೆಯಲ್ಲಿ ಅವಳು ಏನೂ ಹೇಳಲಿಲ್ಲ. ಅತಿಥಿಯನ್ನು ನೂರು ಜನರೆದುರು ಕೆಳಗಿಳಿಸುವುದು ಅವಳಿಂದಾಗದ ಕೆಲಸ. ಊಟಕ್ಕೆ ಕೈ ತೊಳೆಯುವಾಗ ನೀರಿನ ಹೂಜಿಯನ್ನು ತಾನೇ ಹಿಡಿದು ಮೇಡಂ ಮುಂದೆ ಮಂಡಿಯೂರಿ, ನೀರು ಹನಿಸುತ್ತಾ ಮೆಲ್ಲನೆ ಅಂದಳು, "ಅಮ್ಮಾ, ನಾವು ಕೊಟ್ಟ ಹತ್ತು ಹೊಗಳಿಕೆ ಅಲ್ಲ. ನಮ್ಮ ಶಾಲೆಯಲ್ಲಿ ಒಂದು ಮೇಲೆ, ಒಂಬತ್ತು ಕೆಳಗೆ. ಹತ್ತು ಅದಕ್ಕೂ ಕೆಳಗೆ."

ಲಿಕೋಸ್ವೆ ಅದನ್ನು ಇಂಗ್ಲಿಷಿಗೆ ತರುತ್ತಾ ಅರ್ಧದಲ್ಲೇ ನಿಂತ. ಆದರೂ ಪೂರ್ತಿ ಹೇಳಿದ, ಅದು ಅವನ ದೊಡ್ಡತನ.

ಬಾಲಕಾಸಿ ನಡುವೆ ಬಾಯಿ ಹಾಕಿದ. ಒಂದು ಮೇಲಾದರೆ ತನ್ನ ಸಿಟ್ಟು ಹೋಗುತ್ತದೆ, ಸಿಟ್ಟು ಹೋದರೆ ಮೋಟಾರ್ ಸೈಕಲ್ಲೂ. "ತಮಾಷೆ ಮಾಡ್ತಾರೆ ಮೇಡಂ. ಹಳ್ಳಿ ಹೆಂಗಸರು. ಅಂಥ ಪದ್ಧತಿ ಎಲ್ಲೂ ಇಲ್ಲ."

"ಇದೆಯೋ ಇಲ್ಲವೋ?" ಮೇಡಂ ಲಿಕೋಸ್ವೆಯನ್ನು ಕೇಳಿದರು.

"ನನಗೆ ಗೊತ್ತಿಲ್ಲ ಮೇಡಂ. ನಾನು ಇಲ್ಲಿ ಓದಿದವನಲ್ಲ."

"ನಮ್ಮಲ್ಲಿ ಇಪ್ಪತ್ತಕ್ಕೆ ಅಂಕ. ಹತ್ತು ಬಂದರೆ ಹೇಗೋ ದಾಟಿದ ಅಂತ" ಅಂದರು ಮೇಡಂ ನಿಧಾನವಾಗಿ. "ಅಮ್ಮಾ, ನಿಮ್ಮ ಮಾತು ನಂಬಬಹುದು. ಆದರೆ ನನ್ನ ಮೇಲಿನವರು ಮಾತನ್ನು ನಂಬಲ್ಲ. ಕಾಗದ ಏನಾದರೂ ಇದೆಯಾ?"

ಫಾನೆಸಿ ಹೂಜಿ ಕೆಳಗಿಟ್ಟಳು. ನನ್ನ ಕಡೆ ನೋಡಿದಳು. ನಾನು ಖಾಲಿ ಕೈ ತೋರಿಸಿದೆ. ನನ್ನ ಕಾಗದವನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು, ಅದಕ್ಕೆ ಯಾವ ಅಂಕ ಬಂತೋ ತಿಳಿಯದು. ಉಳಿದ ಹೆಂಗಸರಲ್ಲಿ ಯಾರೂ ಅಷ್ಟು ದೂರ ಓದಿರಲಿಲ್ಲ. ಓದಿದ ಮಕ್ಕಳೆಲ್ಲ ಕಾಗದ ಸಮೇತ ಪಟ್ಟಣ ಸೇರಿದ್ದರು. ಶನಿವಾರ, ಶಾಲೆಗೆ ಬೀಗ. ಮೇಡಂ ಗಾಡಿ ಊಟವಾದ ಕೂಡಲೇ ಹೊರಡುವುದಿತ್ತು.

"ಇದೆ. ಮನೆಯಲ್ಲಿ" ಅಂದಳು ಫಾನೆಸಿ.

ನಾನು ಅವಳ ಜೊತೆ ಹೊರಟೆ. ಅವಳ ಮನೆ ಐದು ನಿಮಿಷದ ದಾರಿ, ಅವಳು ಅದನ್ನು ಹತ್ತು ನಿಮಿಷ ನಡೆದಳು.

"ಅದನ್ನ ತೋರಿಸಿದ್ರೆ ಲಿಕೋಸ್ವೆ ಜೋರಾಗಿ ಓದ್ತಾನೆ ಕಣೇ. ಎಲ್ಲರಿಗೂ ಗೊತ್ತಾಗುತ್ತೆ" ಅಂದೆ.

"ಗೊತ್ತಾಗ್ಲಿ."

"ಅಧ್ಯಕ್ಷತನ ಹೋಗ್ಬಹುದು."

"ಮರಳು ಹೋದ ಮೇಲೆ ಯಾವುದಕ್ಕೆ ಅಧ್ಯಕ್ಷೆ ಆಗಿರ್ಲಿ, ಮೇಕೆಗಾ?" ಬೈಬಲ್ ತೆರೆದು ಪ್ಲಾಸ್ಟಿಕ್ ಹೊದಿಕೆಯನ್ನು ಎಳೆದಳು. ಅದು ಪುಟಕ್ಕೆ ಅಂಟಿಕೊಂಡಿತ್ತು, ಬರಲು ಸ್ವಲ್ಪ ಹೊತ್ತು ಹಿಡಿಯಿತು. "ಅಪ್ಪ ಏನಂತಾನೋ" ಅಂದಳು, ನನಗಲ್ಲ.

ಭವನದಲ್ಲಿ ಎಲ್ಲರೂ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಅವಳು ಕಾಗದದ ಬೆನ್ನನ್ನು ಮೇಲೆ ಮಾಡಿ ಕೊಟ್ಟಳು. ಅಲ್ಲಿ ಅಚ್ಚಾಗಿತ್ತು, ಒಂದು ಎರಡು ಅತ್ಯುತ್ತಮ, ಮೂರರಿಂದ ಆರು ಉತ್ತಮ, ಏಳು ಎಂಟು ತೇರ್ಗಡೆ, ಒಂಬತ್ತು ಅನುತ್ತೀರ್ಣ. ಲಿಕೋಸ್ವೆ ಗಟ್ಟಿಯಾಗಿ ಓದಿದ. ಬಾಲಕಾಸಿ ತನ್ನ ಮೋಟಾರ್ ಸೈಕಲ್ ನಿಂತ ಕಡೆ ನೋಡಿದ.

ಮೇಡಂ ಕಾಗದವನ್ನು ತಿರುಗಿಸಿದರು. ತಿರುಗಿಸುತ್ತಾರೆ ಅಂತ ಫಾನೆಸಿಗೆ ಗೊತ್ತಿತ್ತು.

"ಇದು ನನ್ನದು ಅಮ್ಮಾ" ಅಂದಳು, ಎಲ್ಲರಿಗೂ ಕೇಳುವ ಹಾಗೆ, ನಮ್ಮ ಮಾತಿನಲ್ಲೇ. "ಲೆಕ್ಕದಲ್ಲಿ ಒಂಬತ್ತು. ಇದಕ್ಕೆ ನಂಗೆ ಯಾರೂ ಗಾಜು ಹಾಕಿ ಕೊಡ್ಲಿಲ್ಲ. ನಾನು ನರ್ಸ್ ಆಗ್ಲಿಲ್ಲ, ಇಲ್ಲಿಗೆ ಬಂದೆ. ಈ ಮರಳು ನನ್ನನ್ನ ಏನು ಓದಿದೀಯ ಅಂತ ಕೇಳ್ಲಿಲ್ಲ. ನಿಮ್ಮ ಮನೆ ಚೆನ್ನಾಗಿದೆ, ತಪ್ಪು ತಿಳೀಬೇಡಿ. ಆದ್ರೆ ಮೀನಿಗೆ ಬಿಸಿಲು ಬೇಕು."

ಮೇಡಂ ಕಾಗದದ ಅಡಿಯಲ್ಲಿ ಓರೆ ಅಕ್ಷರದ ಸಾಲನ್ನು ಓದುತ್ತಿದ್ದರು. ಬ್ಯಾಗಿನಿಂದ ಒಂದು ಕಡತ ತೆಗೆದು ಹುಡುಕಿ, ಒಂದು ಫಾರಂ ಹೊರತೆಗೆದರು. ಎರಡನ್ನೂ ಅಕ್ಕಪಕ್ಕ ಹಿಡಿದರು.

"ಎಲ್ಲಕ್ಕೂ ಹತ್ತು ಕೊಟ್ಟು ಮುಂದಿನ ಸಲ ಪಾಸಾಗಬಹುದು ಅಂತ ಬರೆದವರು ಯಾರು ಅಂತ ನಮ್ಮ ಕಚೇರಿಯಲ್ಲಿ ಒಂದು ವಾರ ಚರ್ಚೆ ಮಾಡಿದ್ವಿ" ಅಂದರು. "ಇಂಗ್ಲಿಷಿನ ತಪ್ಪು ಅಂತ ತೀರ್ಮಾನ ಆಯ್ತು."

ಅವರು ನಕ್ಕಿದ್ದರೆ ಇಡೀ ಭವನ ನಗುತ್ತಿತ್ತು. ನಗಲಿಲ್ಲ. ಎದ್ದು, ಊಟ ಅರ್ಧಕ್ಕೆ ಬಿಟ್ಟು, ಮರಳು ನೋಡುತ್ತೇನೆ ಅಂದರು. ದಂಡೆಯಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು ಅಟ್ಟಣೆಗಳ ನಡುವೆ ನಡೆದರು, ಒಂದು ಉಸಿಪ ಎತ್ತಿ ಮುರಿದು ಬಾಯಿಗೆ ಹಾಕಿಕೊಂಡರು. ಗೂಟದ ಕೆಂಪು ತಲೆಯನ್ನು ಬೆರಳಿನಿಂದ ಮುಟ್ಟಿದರು. ಏನೂ ಭರವಸೆ ಕೊಡಲಿಲ್ಲ. ತೀರ್ಮಾನ ಮಾಡುವವರು ಬೇರೆ, ಬರೆಯುವುದಷ್ಟೇ ತನ್ನ ಕೈಯಲ್ಲಿರುವುದು ಅಂತ ಲಿಕೋಸ್ವೆಯ ಮೂಲಕ ಹೇಳಿದರು. ಕಾಗದದ ಎರಡೂ ಬದಿಯ ಫೋಟೊ ತೆಗೆದುಕೊಂಡು, ಮೂಲವನ್ನು ಎರಡು ಕೈಯಿಂದ ಫಾನೆಸಿಗೆ ಹಿಂದಿರುಗಿಸಿದರು. ಗಾಡಿ ಹತ್ತುವ ಮೊದಲು ಲಿಕೋಸ್ವೆ ಅವಳ ಹತ್ತಿರ ಬಂದು, "ಅಮ್ಮಾ, ಆವತ್ತು ಅಷ್ಟೊಂದು ಮೀನು ಬಡಿಸಿದ್ರಲ್ಲ" ಅಂದ.

"ಫೇಲಾದೋರಿಗೆ ಊಟ ಸೇರಲ್ಲ ಮಗಾ, ಅದಕ್ಕೇ ಬಲವಂತ ಮಾಡಿದ್ದು" ಅಂದಳು ಅವಳು.

ಆಮೇಲಿನ ಎರಡು ತಿಂಗಳು ಅವಳಿಗೆ ಸುಲಭವಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟ. ಅಳತೆಯ ತಕರಾರು ಬಂದರೆ ಹೆಂಗಸರು ತಮ್ಮತಮ್ಮಲ್ಲೇ ಕೂಗಾಡಿ ಬಿಟ್ಟುಬಿಡುತ್ತಿದ್ದರು, ಯಾರೂ ಅವಳ ಹತ್ತಿರ ತರುತ್ತಿರಲಿಲ್ಲ. ಅವಳು ತನ್ನ ಅಟ್ಟಣೆಯ ಹತ್ತಿರ ಗೂಟದ ಸುತ್ತ ಮೀನು ಹರಡುತ್ತಿದ್ದಳು. ಮರಳು ಇದ್ದಷ್ಟು ದಿನ ಬಿಸಿಲು ಸಿಗಲಿ ಅನ್ನುವ ಹಾಗೆ.

ಅಕ್ಟೋಬರ್ ಕೊನೆಯಲ್ಲಿ, ಮಳೆಗೆ ಮೊದಲು, ಕಾಗದ ಬಂತು. ಎರಡನೆಯ ಭವನವನ್ನು ಕೈಬಿಡಲಾಗಿದೆ. ಮೊದಲನೆಯದರ ಸೂರಿನ ಬಗ್ಗೆ ಸಂಘದೊಂದಿಗೆ ಮಾತಾಡಲು ಜನ ಬರುತ್ತಾರೆ. ದೂರುಗಳನ್ನು ದೂರು ಸಮಿತಿಯ ಅಧ್ಯಕ್ಷರಿಗೆ ಕೊಡತಕ್ಕದ್ದು. ಬಾಲಕಾಸಿಯ ಮೋಟಾರ್ ಸೈಕಲ್ ಉಳಿಯಿತು, ಆದರೆ ಈಗ ಅವನು ಅದರಲ್ಲಿ ನಿಜವಾದ ದೂರುಗಳನ್ನು ಹೊತ್ತು ತಿರುಗಬೇಕಾಗಿದೆ. ಪಾಪ, ಬೆನ್ನು ನೋವಂತೆ.

ಫಾನೆಸಿ ಗೂಟಗಳನ್ನು ಒಂದೊಂದಾಗಿ ಕಿತ್ತು ಅಟ್ಟಣೆಗಳ ಮುರಿದ ಕಾಲುಗಳಿಗೆ ಆಸರೆಯಾಗಿ ಕಟ್ಟಿದಳು. ಒಳ್ಳೆಯ ಮರ, ಹದಮಾಡಿದ್ದು. ಬ್ಯಾಂಕಿನ ಕೆಲಸ ಯಾವತ್ತೂ ಗಟ್ಟಿ.

ಅದೇ ವಾರ ಒಂದು ಬೆಳಿಗ್ಗೆ, ಎರಡು ದೋಣಿಯ ಮೀನು ಒಟ್ಟಿಗೆ ಇಳಿದು, ಯಾರ ಬುಟ್ಟಿಗೆ ಎಷ್ಟು ಅಂತ ಇಬ್ಬರು ಜುಟ್ಟು ಹಿಡಿಯುವ ಮಟ್ಟಕ್ಕೆ ಹೋದರು. ಎರಡೂ ಕಡೆಯ ಗಂಟಲು ಬಿದ್ದ ಮೇಲೆ ಒಬ್ಬಳು ಅಭ್ಯಾಸಬಲದಿಂದ, "ಫಾನೆಸಿ ಅಕ್ಕನ್ನ ಕೇಳೋಣ ಬಿಡಿ, ಅವಳು ಪಾ..." ಅಂದು ನಿಂತಳು. ಫಾನೆಸಿ ತಲೆಯೆತ್ತಲಿಲ್ಲ.

ಅಬಿಟಿ ಸಯಿದಿ ಬಾಯಲ್ಲಿದ್ದ ಮೀನಿನ ಮುಳ್ಳನ್ನು ನಿಧಾನವಾಗಿ ತೆಗೆದು ಮರಳಿಗೆಸೆದಳು.

"ನಿಂತಿದ್ಯಾಕೆ, ಕೇಳು" ಅಂದಳು. "ಬ್ಯಾಂಕನ್ನೇ ಫೇಲ್ ಮಾಡಿದೋಳು."

ಫಾನೆಸಿ ಕೈಯ ಮೀನು ಕೊಡವಿಕೊಂಡು ಎದ್ದು ಬಂದಳು. ಎರಡು ಬುಟ್ಟಿಯನ್ನೂ ಎಣಿಸಿದಳು, ಬೆರಳು ಮಡಿಸಿ, ಎರಡು ಸಲ.